ಅತ್ತೆಯ ಆರು ನಿಮಿಷ

ಕಳೆದ ವಾರ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡರು. ನೀಲಗಿರಿ ಎಣ್ಣೆಯ ವಾಸನೆ ಘಾಟಾಗಿ ಬಂತು. ಪಾಪ, ನೆಗಡಿಯಿರಬೇಕು ಅಂದುಕೊಳ್ಳುವಷ್ಟರಲ್ಲಿ ನನಗೆ ಎದುರುಮನೆ ಅತ್ತೆ ನೆನಪಾದರು. ಇಳಿಯಬೇಕಾಗಿದ್ದ ಸ್ಟಾಪು ದಾಟಿಹೋದದ್ದು ಗೊತ್ತಾಗಲಿಲ್ಲ. ಎರಡು ಸ್ಟಾಪು ವಾಪಸ್ಸು ನಡೆದು ಬಂದೆ. ದಾರಿಯುದ್ದಕ್ಕೂ ಅವರದೇ ಯೋಚನೆ.

ಅತ್ತೆ ಎಂದರೆ ಬಂಧುವೇನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನ ರಾಮಕೃಷ್ಣನಗರದ ಆ ಬೀದಿಗೆ ಬಾಡಿಗೆಗೆ ಬಂದಾಗ, ಮೊದಲ ದಿನವೇ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದಿದ್ದರು. ನಾನು ಥ್ಯಾಂಕ್ಸ್ ಆಂಟಿ ಎಂದೆ. "ಆಂಟಿ ಗೀಂಟಿ ಬ್ಯಾಡ ಕಣೇ, ಬಾಯ್ತುಂಬ ಅತ್ತೆ ಅನ್ನು" ಎಂದರು. ಹಾಗಾಗಿ ಅವರು ಅತ್ತೆ, ಅವರ ಯಜಮಾನರು ಮಾವ. ಅತ್ತೆ ಗಿಡ್ಡ, ಗುಂಡಗೆ, ಮಾತಿನ ಮಲ್ಲಿ. ಮಾವ ಎತ್ತರದ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಬೆಳಗ್ಗೆ ಪೂಜೆ ಮುಗಿಯದೆ ಕಾಫಿ ಮುಟ್ಟುತ್ತಿರಲಿಲ್ಲ, ಮುಗಿದ ಮೇಲೆ ಒಂದು ಲೋಟಕ್ಕೆ ನಿಲ್ಲುತ್ತಲೂ ಇರಲಿಲ್ಲ.

ಮಾವ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ಹೊಲ, ಗದ್ದೆ, ಕೆರೆ ಏರಿ ಎಂದು ಅಳೆದು ಅಳೆದು ಅವರಿಗೆ ತಮ್ಮ ಕಾಲಿನ ಮೇಲೆ ವಿಪರೀತ ನಂಬಿಕೆ. "ಟೇಪು ಯಾಕಮ್ಮ, ನನ್ನ ಹೆಜ್ಜೆ ಇಲ್ವಾ? ನಲವತ್ತು ಹೆಜ್ಜೆಗೆ ಮೂವತ್ತು ಮೀಟರು. ಒಂದು ಗೇಣು ಆಚೀಚೆ ಆದ್ರೆ ಕೇಳು" ಎನ್ನುತ್ತಿದ್ದರು. ಬೀದಿಯಲ್ಲಿ ಯಾರು ಕಾಂಪೌಂಡು ಕಟ್ಟಿಸಲಿ, ನೀರಿನ ಪೈಪು ಹಾಕಿಸಲಿ, ಮೊದಲು ಮಾವ ಒಂದು ಸಲ ನಡೆದು ಹೇಳಬೇಕಿತ್ತು. ಆಮೇಲೆ ಮೇಸ್ತ್ರಿ ಬಂದು ಟೇಪು ಹಿಡಿದಾಗ ಮಾವ ಹೇಳಿದ್ದೇ ಸರಿಯಾಗಿರುತ್ತಿತ್ತು. ಆಗ ಅವರ ಮುಖ ನೋಡಬೇಕು...

ಸಂಜೆ ಐದೂವರೆಗೆ ಅವರಿಬ್ಬರ ವಾಕಿಂಗು. ಮಾವ ಮುಂದೆ, ಅತ್ತೆ ಎರಡು ಹೆಜ್ಜೆ ಹಿಂದೆ. ಮದುವೆಯಾದ ಲಾಗಾಯ್ತಿನಿಂದ ಹಾಗೇ ನಡೆದವರು. ಪಕ್ಕಪಕ್ಕ ನಡೆಯಿರಿ ಎಂದು ನಾನು ರೇಗಿಸಿದರೆ, "ಅವ್ರ ಬೆನ್ನು ನೋಡ್ಕೊಂಡು ಹೋಗೋದ್ರಲ್ಲಿ ನಂಗೆ ದಾರಿ ಯೋಚ್ನೆ ಇಲ್ಲ ಕಣೇ" ಎನ್ನುತ್ತಿದ್ದರು. ಪಾರ್ಕು ಸುತ್ತಿ, ರಾಗಿ ಮಿಲ್ಲಿನ ಮುಂದೆ ಹಾದು ವಾಪಸ್ಸು ಬರುತ್ತಿದ್ದರು. ನಾನು ಡ್ಯೂಟಿ ಮುಗಿಸಿ ಮೊಪೆಡ್ಡಿನಲ್ಲಿ ಬರುವ ಹೊತ್ತಿಗೆ ಅವರು ಮಿಲ್ಲಿನ ಹತ್ತಿರ ಎದುರಾಗುತ್ತಿದ್ದರು.

ಒಂದು ವರ್ಷ, ದಸರಾ ಕಳೆದ ಮೇಲೆ, ಅತ್ತೆ ದಾರಿಯಲ್ಲಿ ನಿಲ್ಲತೊಡಗಿದರು. ಮೊದಲು ಮಿಲ್ಲಿನ ಹತ್ತಿರ ಒಂದು ಸಲ. ಆಮೇಲೆ ಪಾರ್ಕಿನ ಗೇಟಿನಲ್ಲಿ ಇನ್ನೊಂದು ಸಲ. "ಒಸಿ ನಿಲ್ರೀ, ಏದುಸಿರು ಬತ್ತದೆ" ಎನ್ನುವುದು, ಕರ್ಚೀಫು ಮೂಗಿಗೆ ಹಿಡಿಯುವುದು. ಆ ಕರ್ಚೀಫಿಗೆ ನೀಲಗಿರಿ ಎಣ್ಣೆ. ಮಾವ ಯಾರದ್ದಾದರೂ ಕಾಂಪೌಂಡಿಗೆ ಒರಗಿ ನಿಂತು, "ಏನು ಮಾರಾಯ್ತಿ, ನಾಲ್ಕು ಹೆಜ್ಜೆ ಇಡೋಕಾಗಲ್ವಲ್ಲ ನಿಂಗೆ" ಎಂದು ಗೊಣಗುತ್ತಿದ್ದರು. ಚೆನ್ನಾಗಿ ದಣಿವಾರಿದ ಮೇಲೆ ಮತ್ತೆ ಮುಂದೆ ಮಾವ, ಹಿಂದೆ ಅತ್ತೆ.

ಕೊನೆಗೆ ಮಾವನೇ ಒಂದು ದಿನ ನನ್ನ ಮೊಪೆಡ್ಡು ನಿಲ್ಲಿಸಿ ಕೇಳಿದರು. "ನಿಮ್ಮ ಆಸ್ಪತ್ರೇಲಿ ಇವಳ್ನ ಒಂದ್ಸಲ ತೋರಿಸ್ಬೇಕಲ್ಲಮ್ಮ." ನಾನು ಆಗ ಒಂದು ಖಾಸಗಿ ಆಸ್ಪತ್ರೆಯ ಎದೆ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅತ್ತೆ ಬೇಡ ಎನ್ನಬಹುದು ಅಂದುಕೊಂಡಿದ್ದೆ. ಮಾತ್ರೆ ನುಂಗಿಸಲಿಕ್ಕೂ ಗೋಗರೆಯಬೇಕಾದ ಹೆಂಗಸು. ಆದರೆ ಅವರು, "ಇವ್ರೂ ಬರ‍್ತಾರಾದ್ರೆ ಬತ್ತೀನಿ" ಎಂದು ತಕ್ಷಣ ಒಪ್ಪಿಬಿಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಡಾಕ್ಟರು ನೋಡಿ ಆರು ನಿಮಿಷದ ನಡಿಗೆ ಎಂದು ಚೀಟಿ ಬರೆದರು. ಅದು ನನ್ನ ಪಾಲಿನ ಕೆಲಸ. ಹೃದಯದ, ಶ್ವಾಸಕೋಶದ ರೋಗಿಗಳಿಗೆ ಎಷ್ಟು ಶಕ್ತಿ ಉಳಿದಿದೆ ಎಂದು ತಿಳಿಯಲು ಇದಕ್ಕಿಂತ ಸರಳ ಪರೀಕ್ಷೆ ಇಲ್ಲ. ಮೂವತ್ತು ಮೀಟರಿನ ಕಾರಿಡಾರು, ಎರಡು ತುದಿಗೆ ಎರಡು ಪ್ಲಾಸ್ಟಿಕ್ ಕೋನು. ಆರು ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು ಸಲ ಹೋಗಿ ಬರಬೇಕು. ದಣಿವಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಕೊನೆಗೆ ನಡೆದ ದೂರ ಬರೆದುಕೊಳ್ಳುವುದು, ಬೆರಳಿಗೆ ಕ್ಲಿಪ್ಪು ಹಾಕಿ ನಾಡಿ, ಆಮ್ಲಜನಕ ನೋಡುವುದು. ಒಂದು ಕಟ್ಟುನಿಟ್ಟು ಏನೆಂದರೆ ರೋಗಿಯ ಜೊತೆ ಯಾರೂ ನಡೆಯಬಾರದು. ಜೊತೆಗೊಬ್ಬರಿದ್ದರೆ ಮನುಷ್ಯ ತನ್ನ ನಡಿಗೆ ಬಿಟ್ಟು ಅವರ ನಡಿಗೆ ನಡೆಯುತ್ತಾನೆ.

ಪುಸ್ತಕದಲ್ಲಿ ಇಷ್ಟೇ. ನಮ್ಮ ಊರಿನವರನ್ನು ನಡೆಸುವುದು ಬೇರೆಯೇ ಕಥೆ. ಕಾರಿಡಾರಿನ ಆ ತುದಿಯಲ್ಲಿ ಚಾಮುಂಡಿಯ ಫೋಟೋ ಇತ್ತು. ಪ್ರತಿ ಸುತ್ತಿಗೂ ನಿಂತು, ಚಪ್ಪಲಿ ಬಿಟ್ಟು, ಕೈಮುಗಿದು ತಿರುಗುವವರೇ ಹೆಚ್ಚು. ನಾನು ಅದನ್ನು ತೆಗೆಸಿ ಆಫೀಸ್ ರೂಮಿಗೆ ಹಾಕಿಸಿ ಎಲ್ಲರ ಕೈಲೂ ಬೈಸಿಕೊಂಡೆ. ಇನ್ನು ಮೈಸೂರಿನಲ್ಲಿ ಯಾರಿಗೆ ಯಾರು ಗೊತ್ತಿಲ್ಲ ಹೇಳಿ. ನಡೆಯುತ್ತಿರುವವರು ಅರ್ಧದಲ್ಲಿ ನಿಂತು, "ಏನ್ ಸ್ವಾಮಿ, ಎಲ್ಲಾ ಕ್ಷೇಮವಾ?" ಎಂದು ಶುರು ಮಾಡಿದರೆ ಎರಡು ನಿಮಿಷ ಹೋಯಿತು ಅಂತಲೇ ಲೆಕ್ಕ.

ಅವತ್ತು ಮಾವ ಬಂದವರೇ ಕಾರಿಡಾರು ಎಷ್ಟುದ್ದ ಎಂದು ಕೇಳಿದರು. ಹೇಳಿದೆ. ಸುಮ್ಮನಿರುತ್ತಾರೆಯೇ? ಈ ಕೋನಿನಿಂದ ಆ ಕೋನಿಗೆ ಎಣಿಸಿಕೊಂಡು ನಡೆದರು. ವಾಪಸ್ಸು ಬಂದು ಸ್ವಲ್ಪ ಹೊತ್ತು ಬೆಂಚಿನಲ್ಲಿ ಕೂತು, ಆಮೇಲೆ ಹೇಳಿದರು.

"ತಪ್ಪಾಗಿದೆ ಕಣಮ್ಮ. ನಲವತ್ತೇಳು ಹೆಜ್ಜೆ. ಅಂದ್ರೆ ಮೂವತ್ತೈದು ಮೀಟರ್ ಮೇಲಾಯ್ತು. ನಿಮ್ಮ ಟೇಪು ಸರಿ ಇಲ್ಲ, ಬೇರೆ ತರಿಸ್ಕೊಳ್ಳಿ."

ನಾನು ನಕ್ಕು ಆಗಲಿ ಎಂದೆ. ಅತ್ತೆ ನಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

ಗಡಿಯಾರ ಒತ್ತಿದೆ. ಅತ್ತೆ ಕೋನಿನ ಹತ್ತಿರ ನಿಂತವರು ಹೆಜ್ಜೆಯನ್ನೇ ಇಡಲಿಲ್ಲ. "ನಡೀರಿ ಅತ್ತೆ" ಎಂದೆ. "ಒಬ್ಳೇ ಹೆಂಗೆ ಹೋಗೋದೇ, ಅಭ್ಯಾಸ ಇಲ್ಲ" ಎಂದರು. ಮಾವ ಎದ್ದು, "ಇವಳ ಹಣೆಬರಹವೇ ಇಷ್ಟು, ಬಾ" ಎಂದು ಮುಂದೆ ಹೊರಟೇಬಿಟ್ಟರು. ಅತ್ತೆ ಎರಡು ಹೆಜ್ಜೆ ಹಿಂದೆ. ನಾನು ತಡೆಯಬೇಕಾಗಿತ್ತು. ಆದರೆ ಬೀದಿಗೆಲ್ಲ ಹಿರಿಯರು, ನನ್ನ ಮನೆಯ ಬಾಗಿಲಿಗೆ ತೋರಣ ಕಟ್ಟಿಕೊಟ್ಟವರು. ಅವರನ್ನು ಹೋಗಿ ಕೂತ್ಕೊಳ್ಳಿ ಎನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಮಾವ ನಿಧಾನವಾದರು. ಮೂರು ನಿಮಿಷ ಆಗಿರಬೇಕು, ಗೋಡೆಗೆ ಕೈಕೊಟ್ಟು ನಿಂತರು. "ಸಾಕು ನಿಲ್ಸಮ್ಮ, ಇವಳಿಗೆ ಸುಸ್ತಾಗೋಯ್ತು" ಎಂದರು. ಎರಡೆರಡು ಪದಕ್ಕೆ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಅಂಗಿಯ ಕಾಲರು ಬೆವರಿಗೆ ಒದ್ದೆಯಾಗಿತ್ತು. ಹಿಂದೆ ಅತ್ತೆ ಕರ್ಚೀಫು ಹಿಡಿದು ನಿಂತಿದ್ದರು. ಅವರ ಬೆರಳಿಗೆ ಕ್ಲಿಪ್ಪು ಹಾಕಿದೆ. ನಾಡಿ ತೊಂಬತ್ತೂ ಮುಟ್ಟಿರಲಿಲ್ಲ. ಆಗತಾನೇ ಊಟ ಮುಗಿಸಿ ಎದ್ದು ಬಂದವರ ಹಾಗಿದ್ದರು.

ಬಿ.ಪಿ. ನೋಡುವ ನೆಪದಲ್ಲಿ ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ. "ಅತ್ತೆ, ಏದುಸಿರು ಎಲ್ಲಿದೆ ನಿಮಗೆ?" ಎಂದು ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಕರ್ಚೀಫು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಂಗೇನಾಗದೆ ಕಣೇ, ಗುಂಡ್ಕಲ್ಲು ಇದ್ದಂಗಿದೀನಿ. ಅವ್ರಿಗೆ ಕಣೇ. ಮೂರ್ ಮೆಟ್ಲು ಹತ್ತುದ್ರೆ ಗೋಡೆ ಹಿಡ್ಕತ್ತಾರೆ. ಕೇಳುದ್ರೆ ಎಗರಾಡ್ತಾರೆ. ನಾನು ನಿಂತ್ಕೊಂಬುಟ್ರೆ ಅವ್ರೂ ನಿಂತ್ಕತ್ತಾರಲ್ಲ ಅಂತ..."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ಗಂಡನಿಗೆ ಹಿಂಗಾಗದೆ ಅಂತ ನನ್ ಬಾಯಲ್ಲಿ ಹೆಂಗೆ ಅನ್ನಲಿ? ಅಂದ್ಬುಟ್ರೆ ನಿಜ ಆಗೋಯ್ತದೇನೋ ಅಂತ ಭಯ. ಇಲ್ಲಿಗೆ ನಾನು ಬಂದ್ರೆ ಅವ್ರೂ ಬತ್ತಾರೆ, ನಿನ್ ಕಣ್ಣಿಗೆ ಬಿದ್ರೆ ಸಾಕು ಅನ್ಕೊಂಡೆ." ಇಷ್ಟು ಹೇಳಿ ಅತ್ತೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಆಗ ಆ ನಲವತ್ತೇಳು ಹೆಜ್ಜೆಯ ಅರ್ಥ ಹೊಳೆಯಿತು. ಟೇಪು ತಪ್ಪಿರಲಿಲ್ಲ.

ಹೊರಗೆ ಬಂದು ಮಾವನಿಗೆ, "ನೀವು ಹೇಳಿದ್ದಕ್ಕೆ ಟೇಪು ಒಂದ್ಸಲ ನೋಡೇಬಿಡೋಣ" ಎಂದೆ. ನೆಲದ ಮೇಲೆ ಉದ್ದಕ್ಕೆ ಹಾಸಿದೆ. ಅವರು ಉತ್ಸಾಹದಿಂದ ಎದ್ದು, ಹಿಮ್ಮಡಿಯನ್ನು ಸೊನ್ನೆಗೆ ತಾಗಿಸಿ ನಿಂತು, ನಲವತ್ತು ಹೆಜ್ಜೆ ಎಣಿಸಿ ನಿಂತರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಇಪ್ಪತ್ತೈದೂವರೆ. ಟೇಪಿನ ಗುರುತುಗಳನ್ನು ಗೇಣು ಹಾಕಿ ಪರೀಕ್ಷಿಸಿದರು. ವಾಪಸ್ಸು ಬಂದು ಮತ್ತೊಮ್ಮೆ ನಡೆದರು. ಇಪ್ಪತ್ತೈದೂ ದಾಟಲಿಲ್ಲ. ಮೂರನೇ ಸಲ ನಡೆಯದೆ ಬೆಂಚಿನಲ್ಲಿ ಕೂತರು.

"ನನ್ ಹೆಜ್ಜೆ ಯಾವಾಗ ಹಿಂಗಾಯ್ತೇ?" ಎಂದು ಅತ್ತೆಯನ್ನು ಕೇಳಿದರು. ಅಷ್ಟು ಮೆತ್ತಗಿನ ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ. "ನಂಗೇನ್ ಗೊತ್ತು" ಎಂದರು ಅತ್ತೆ, ಗೋಡೆ ನೋಡಿಕೊಂಡು. ಅತ್ತೆಯ ಏದುಸಿರು ನಾಟಕ ಎಂದು ಮಾವನಿಗೆ ಹೊಳೆಯಲು ಅಷ್ಟು ಸಾಕಾಯಿತು. ಡಾಕ್ಟರ ಹೆಸರೆತ್ತಿದರೆ ಸಿಡುಕುತ್ತಿದ್ದ ಮನುಷ್ಯ ಟೇಪಿನ ಮಾತಿಗೆ ಎದುರಾಡಲಿಲ್ಲ. ಅವತ್ತೇ ತೋರಿಸಿಕೊಂಡರು. ಹೃದಯದ ಒಂದು ಕವಾಟ ತೀರಾ ಕಿರಿದಾಗಿತ್ತು. ಇನ್ನಾರು ತಿಂಗಳು ಬಿಟ್ಟಿದ್ದರೆ ನನ್ನ ಕೈಲಿ ಏನೂ ಆಗುತ್ತಿರಲಿಲ್ಲ, ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು.

ಅತ್ತೆಯ ಹೆಸರಿನ ಹಾಳೆ ಮಾತ್ರ ನನ್ನ ಮೇಜಿನ ಮೇಲೆ ಉಳಿಯಿತು. ಮೂರು ನಿಮಿಷಕ್ಕೆ ನಿಲ್ಲಿಸಿದೆ, ಮತ್ತೆ ಮಾಡಬೇಕು ಎಂದು ಬರೆದಿದ್ದೆ. ಮಾವನ ಆಪರೇಷನ್ನಿನ ಓಡಾಟದ ನಡುವೆ ಒಂದು ದಿನ ನೆನಪಿಸಿದೆ. "ನನ್ದೇನೂ ಬ್ಯಾಡ, ಅದುನ್ನ ಹರಿದಾಕು" ಎಂದರು. ಹರಿಯಲಿಲ್ಲ, ಫೈಲಿಗೆ ಸೇರಿಸಿದೆ. ಮತ್ತೆ ಮಾಡಲೂ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮೂರು ತಿಂಗಳಿಗೊಮ್ಮೆ ಮಾವ ನನ್ನ ಕಾರಿಡಾರಿಗೆ ಬಂದು ನಡೆಯುತ್ತಿದ್ದರು. ಪ್ರತಿ ಸಲವೂ ದೂರ ಹೆಚ್ಚಾಗುತ್ತಿತ್ತು. ಮೂವತ್ತು ಮೀಟರಿಗೆ ನಲವತ್ತೆರಡು ಹೆಜ್ಜೆಗೆ ಇಳಿದ ದಿನ ಇಡೀ ವಾರ್ಡಿಗೆ ಮೈಸೂರುಪಾಕು ಹಂಚಿದರು. ಅತ್ತೆಯ ನಾಟಕದ ಕಥೆಯನ್ನು ನಾನು ಯಾರಿಗೆ ತಾನೇ ಹೇಳಲಿಲ್ಲ? ಬೀದಿಗೆ ಹೇಳಿದೆ, ಆಸ್ಪತ್ರೆಗೆ ಹೇಳಿದೆ, ನನ್ನ ತವರಿನಲ್ಲಿ ಹೇಳಿದೆ. ಹೇಳಿದ ಕಡೆಯೆಲ್ಲ ಜನ ನಕ್ಕು ಕಣ್ಣೊರೆಸಿಕೊಂಡರು. ಅತ್ತೆಗೂ ಅದರಲ್ಲಿ ಒಳಗೊಳಗೇ ಹೆಮ್ಮೆ ಇತ್ತು.

ಎರಡು ಮೂರು ವರ್ಷ ಹಾಗೇ ಕಳೆಯಿತು. ಮಾವನ ನಡಿಗೆ ಬಿರುಸಾಗಿತ್ತು. ಎರಡು ಹೆಜ್ಜೆಯ ಅಂತರ ಹತ್ತಾಯಿತು, ಇಪ್ಪತ್ತಾಯಿತು. ಅತ್ತೆ ರಾಗಿ ಮಿಲ್ಲಿನ ಹತ್ತಿರ ನಿಂತು, "ಒಸಿ ನಿಲ್ರೀ" ಎಂದು ಕೂಗಿದರೆ ಮಾವ ತಿರುಗದೆಯೇ ಕೈಯಾಡಿಸಿ, "ಸಾಕು ನಾಟಕ, ಬಾ" ಎನ್ನುತ್ತಿದ್ದರು. ಮಿಲ್ಲಿನ ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು.

ಒಂದು ಬೆಳಗ್ಗೆ ಅತ್ತೆ ರಂಗೋಲಿ ಹಾಕುತ್ತಿದ್ದವರು ಅರ್ಧಕ್ಕೆ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮೊಪೆಡ್ಡು ಹೊರಗೆ ತಳ್ಳುತ್ತಿದ್ದೆ. ಡ್ಯೂಟಿಗೆ ತಡವಾಗಿತ್ತು.

"ಈಗ ನಿಜವಾಗ್ಲೂ ಏದುಸಿರು ಬತ್ತದೆ ಕಣೇ" ಎಂದರು.

"ಈ ಸಲ ಯಾರಿಗೋಸ್ಕರ ಅತ್ತೆ? ಪಕ್ಕದ್ಮನೆಯವರಿಗಾ?" ಎಂದೆ ನಾನು.

ಅವರು ನಕ್ಕರು. ನಾನೂ ನಕ್ಕೆ. ಗಾಡಿ ಸ್ಟಾರ್ಟು ಮಾಡಿಕೊಂಡು ಹೋದೆ. ದಿನಕ್ಕೆ ಹತ್ತು ಜನರ ಉಸಿರು ಎಣಿಸಿ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ಮೂರು ಮಾರು ದೂರದಲ್ಲಿ ಕೂತಿದ್ದ ಅತ್ತೆಯ ಉಸಿರು ನೋಡಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು, ಕೆಮ್ಮು ಬಂತು. ಆಸ್ಪತ್ರೆಗೆ ಸೇರಿಸಿದಾಗ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಗಟ್ಟಿಗಟ್ಟಿಕೊಂಡಿರುವುದು ಕಂಡಿತು. ಎಷ್ಟೋ ಕಾಲದಿಂದ ನಿಧಾನವಾಗಿ ಬೆಳೆದದ್ದು ಎಂದರು ಡಾಕ್ಟರು. ಮಂಚದಿಂದ ಬಾತ್‌ರೂಮಿಗೆ ಹೋಗಲಿಕ್ಕೂ ಆಗುತ್ತಿರಲಿಲ್ಲ, ಇನ್ನು ಕಾರಿಡಾರಿನ ಮಾತೆಲ್ಲಿ. ಆಮ್ಲಜನಕದ ಮಾಸ್ಕಿನೊಳಗಿಂದ ಒಂದು ದಿನ ನನ್ನನ್ನು ಕರೆದು, "ಇವ್ರು ಮಾತ್ರೆ ತಗೋತಾರಾ ನೋಡ್ಕೋ" ಎಂದರು. ಹನ್ನೆರಡನೇ ದಿನ ಹೋಗಿಬಿಟ್ಟರು...

ಮೊದಲೇ ಗೊತ್ತಾಗಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ, ಈ ಕಾಯಿಲೆಗೆ ಮದ್ದು ಕಡಿಮೆ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಇರಬಹುದು. ಆದರೆ ಅವರು ನಿಂತಾಗ ಯಾರಾದರೊಬ್ಬರು ಜೊತೆಗೆ ನಿಲ್ಲಬಹುದಾಗಿತ್ತು. ಅದಕ್ಕೆ ಮದ್ದೇನೂ ಬೇಕಾಗಿರಲಿಲ್ಲ.

ಮಾವ ಮನೆ ಖಾಲಿ ಮಾಡಿ ನಜರ್‌ಬಾದಿನ ಮಗಳ ಮನೆಗೆ ಹೋದರು. ವರ್ಷದ ತಿಥಿಗೆ ನನ್ನನ್ನು ಕರೆದಿದ್ದರು. ಊಟವಾದ ಮೇಲೆ ಹಜಾರದಲ್ಲಿ ಇಬ್ಬರೇ ಕೂತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ನಿಮ್ಮ ಕಾರಿಡಾರಲ್ಲಿ ಅವಳದು ಎಷ್ಟು ಮೀಟರ್ ಬಂದಿತ್ತಮ್ಮ?"

ಏನಾದರೂ ಒಂದು ಅಂಕಿ ಹೇಳಿಬಿಡೋಣ ಅನ್ನಿಸಿತು. ಅಳತೆಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಅವತ್ತು ಅತ್ತೆ ನಡೆದದ್ದು ನಿಮ್ಮ ನಡಿಗೆ ಮಾವ. ಅತ್ತೆಯದು ನಾನು ಅಳೆಯಲೇ ಇಲ್ಲ."

ಒಳಗೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. "ನಾನೂ ತಿರುಗಿ ನೋಡ್ಲಿಲ್ಲ ಕಣಮ್ಮ" ಎಂದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾವ ಆಮೇಲೆ ನಾಲ್ಕು ವರ್ಷ ಇದ್ದರು.

ಈಗ ನನ್ನ ಕೈಕೆಳಗೆ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ರೋಗಿಯ ಜೊತೆ ಯಾರನ್ನೂ ನಡೆಯಲು ಬಿಡಬೇಡಿ ಎಂದು ಅವರಿಗೆ ಹೇಳಿಕೊಡುತ್ತೇನೆ. ರೋಗಿಯದು ಮುಗಿದ ಮೇಲೆ, ಬೆಂಚಿನಲ್ಲಿ ಕಾದಿರುವ ಹೆಂಡತಿಯನ್ನೋ ಗಂಡನನ್ನೋ ಕರೆದು, ನೀವೂ ಒಂದು ಆರು ನಿಮಿಷ ನಡೆಯಿರಿ ಎನ್ನುತ್ತೇನೆ. ಅವರಿಗೆ ಚೀಟಿ ಇಲ್ಲವಲ್ಲ ಮೇಡಂ ಎನ್ನುತ್ತಾರೆ ಹುಡುಗಿಯರು. ಬರೆದುಕೊಳ್ಳಿ ಎನ್ನುತ್ತೇನೆ. ಹೀಗೆ ಊರಿನವರನ್ನೆಲ್ಲ ನಡೆಸಿದ್ದಾಯಿತು. ಅತ್ತೆ ಎಷ್ಟು ದೂರ ನಡೆಯುತ್ತಿದ್ದರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.